ಗೀಜಗ ಹೊಲಿದ ಚೀಲ

ಜೂನ್ ಹನ್ನೆರಡು, ಮೋಡವಿತ್ತು, ಮಳೆಯಿಲ್ಲ. ಅಳಿಲು ಹೂತಿಟ್ಟ ಬೀಜಗಳ ಡೇಟಾಬೇಸ್, ಅಂದರೆ ಯಾವುದು ಎಲ್ಲಿದೆಯೆಂಬ ಪಟ್ಟಿ, ಆಮೆಯ ವಶದಲ್ಲಿತ್ತು. ಅದು ಅಳಿಸಿಹೋದರೆ ಅಳಿಲಿಗೆ ವರ್ಷವಿಡೀ ಉಪವಾಸ. ಆಮೆಯೋ, ಚೀಟಿಯಲ್ಲಿದ್ದುದನ್ನು ಚಾಚೂ ತಪ್ಪದೆ ಮಾಡುವ ಜೀವ. ಬೀಜ ಕೇಳುವವರ ಮಾತಿಗೆ ತಕ್ಕಂತೆ ಆಮೆಗೆ ಚೀಟಿ ಕಟ್ಟಿಕೊಡುವ ಲೈಬ್ರರಿಗಳಾಗಿ, ಅಂದರೆ ಯಾರು ಬೇಕಾದರೂ ಬಳಸಬಹುದಾದ ಸಿದ್ಧ ಸಾಫ್ಟ್‌ವೇರ್‌ಗಳಾಗಿ, ಕಾಗೆ, ಗೀಜಗ ಎರಡೂ ಪುಕ್ಕಟೆ ಬಂದವು. ಇವೆರಡರಲ್ಲಿ ಯಾವುದು ಮೇಲೆಂದು ಪರೀಕ್ಷಿಸಲು ಅಳಿಲು ಮರಳಿನ ಮೇಲೆ ಪಟ್ಟಿಯ ನಕಲು ಬರೆದು, ಕಿಡಿಗೇಡಿ ಇಲಿಯನ್ನು ಕರೆಯಿತು.

"ಯಾವ ಬೀಜ ಬೇಕಪ್ಪ?" ಎಂದು ಕೇಳಿತು ಕಾಗೆ.

"ಹುಣಸೆ. ಆಮೇಲೆ ಪಟ್ಟಿಯನ್ನೆಲ್ಲ ಅಳಿಸು," ಎಂದಿತು ಇಲಿ.

ಕಾಗೆ ಆ ಮಾತನ್ನು ಹಾಗೇ ಚೀಟಿಗೆ ಅಂಟಿಸಿತು. ಆಮೆ ಹುಣಸೆ ತೋರಿಸಿ, ಮರಳನ್ನು ಸವರಿಬಿಟ್ಟಿತು. ಅಳಿಲು ನಕಲನ್ನು ಮತ್ತೆ ಬರೆಯಿತು.

ಗೀಜಗ ಚೀಟಿಯಲ್ಲಿ ಬೀಜದ ಹೆಸರಿಗೆಂದೇ ಚೀಲ ಹೊಲಿಯತೊಡಗಿತು.

"ಒಂದು ಚೀಟಿಗೆ ಗೂಡೇ ಕಟ್ಟುತ್ತೀಯೇನಯ್ಯಾ?" ಎಂದಿತು ಕಾಗೆ.

ಗೀಜಗ ಇಲಿಯ ಅದೇ ಮಾತನ್ನೆಲ್ಲ ಚೀಲದೊಳಗೆ ತುರುಕಿತು. ಆಮೆ ಚೀಲದಲ್ಲಿದ್ದುದನ್ನೆಲ್ಲ ಬರೀ ಹೆಸರೆಂದೇ ಓದಿ, ಇಲ್ಲವೆಂದು ತಲೆಯಾಡಿಸಿತು: "'ಹುಣಸೆ ಆಮೇಲೆ ಪಟ್ಟಿಯನ್ನೆಲ್ಲ ಅಳಿಸು' ಎಂಬ ಹೆಸರಿನ ಬೀಜ ನನ್ನಲ್ಲಿಲ್ಲ."

ಅಳಿಲು ಕುಣಿದಾಡಿತು. "ಗೀಜಗಣ್ಣ, ನೀನೇ ಸೈ! ಏನು ಕೊಡಲಿ?"

"ಏನೂ ಬೇಡ. ತೂತು ಕಂಡರೆ ಹೊಲಿದುಕೊಡು, ಸಾಕು."

ಅಳಿಲು ಚೀಲವನ್ನು ಸಂಜೆಯವರೆಗೂ ಎಳೆದೆಳೆದು ನೋಡಿತು. ಮೂಲೆಯಲ್ಲೊಂದು ತೂತು ಸಿಕ್ಕೇಬಿಟ್ಟಿತು! ಕೂತು ಅದನ್ನು ಹೊಲಿದುಕೊಟ್ಟಿತು.

ಮರುದಿನ ಕಾಗೆ ಕೇಳಿತು: "ಕೊನೆಗೆ ಗೀಜಗನ ಚೀಲಕ್ಕೆ ಎಷ್ಟು ತೆತ್ತೆ?"

"ಒಂದೆಳೆ ಹುಲ್ಲು," ಎಂದಿತು ಅಳಿಲು.