ಶಾಸಕರಿಗೆಂದು ಇಳಿದ ಫುಟ್‌ಪಾತ್

ಆಟೊ ಓಡಿಸುವ ಯಮನೂರಪ್ಪನ ಮನೆ ಮುಂದೆ ಪುರಸಭೆ ಮೊಣಕಾಲೆತ್ತರದ ಫುಟ್‌ಪಾತ್ ಕಟ್ಟಿತು. ಆಟೊ ಬಾಗಿಲಿಗೆ ಬಾರದಾಯಿತು. ಕಾಲು ಸ್ವಾಧೀನವಿಲ್ಲದ ಅವನ ತಾಯಿ ಆಸ್ಪತ್ರೆಗೆ ಹೋಗುವುದು ನಿಂತಿತು.

“ಅಂಚು ಇಳಿಸ್ರಿ ಸಾಹೇಬ್ರ” ಎಂದರೆ ಪುರಸಭೆ ಎಂಜಿನಿಯರ್ ಗುರ್ರೆಂದ: “ನಿಮ್ಮವ್ವನ ಸಲುವಾಗಿ ಸರ್ಕಾರಿ ಕಲ್ಲು ಒಡೀಬೇಕೇನಲೇ? ಹೊತ್ಕೊಂಡು ಹೋಗು!”

ಮರುದಿನ ಯಮನೂರಪ್ಪ ಕೈಮುಗಿದು ನಿಂತ. “ಒಡೀಬ್ಯಾಡ್ರಿ ಸಾಹೇಬ್ರ. ಶುಕ್ರವಾರ ಶಾಸಕರನ್ನ ಹೋಳಿಗೆ ಊಟಕ್ಕ ಕರದೀನಿ, ಬರ್ತೀನಿ ಅಂದಾರ. ಅವರ ಕಾರೂ ಹತ್ತೂದಿಲ್ಲ. ಹೊತ್ಕೊಂಡು ದಾಟಸಾಕ ನೀವು ಬರ್ರಿ.”

ಶಾಸಕರ ಡೊಳ್ಳುಹೊಟ್ಟೆ ನೆನೆದು ಎಂಜಿನಿಯರ್ ಬೆವೆತ. ಸಂಜೆಯೊಳಗೆ ಅಂಚು ಒಡೆಸಿ ಇಳಿಜಾರು ಮಾಡಿಸಿದ. ಸಿಮೆಂಟಿಗೆ ತಾನೇ ನೀರು ಹೊಡೆದ.

ಶುಕ್ರವಾರ ಹಾರ ಹಿಡಿದು ಮಧ್ಯಾಹ್ನದವರೆಗೆ ಕಾದ. ಆ ಇಳಿಜಾರಿನಲ್ಲಿ ಬಂದದ್ದು ತಾಯಿಯನ್ನು ಕೂರಿಸಿಕೊಂಡ ಆಟೊ.

“ಶಾಸಕರು ಎಲ್ಲಲೇ?”

“ಬರ್ತೀನಿ ಅಂದಿದ್ದು ಖರೇರಿ. ಅವರ ಮಾತು ನಂಬಿದವರು ಈ ಊರಾಗ ನೀವೊಬ್ಬರ ನೋಡ್ರಿ!”