ಕೆಂಪು ಬಟ್ಟೆ ಕಟ್ಟುವವನು

"ಮೇಷ್ಟ್ರೇ, ನಮ್ಮ ಆಸ್ಪತ್ರೆಯ ನೆಟ್‌ವರ್ಕಿನಲ್ಲಿ ಮಾಹಿತಿ ಹೊತ್ತು ಸಾಗುವ ಪುಟ್ಟ ಪ್ಯಾಕೆಟ್‌ಗಳಿವೆಯಲ್ಲ, ಅವೆಲ್ಲಕ್ಕೂ ತುರ್ತು ಎಂದೇ ಗುರುತು ಹಾಕಿದ್ದೇನೆ. ದೂರದ ಊರಿನಿಂದ ವಿಡಿಯೋದಲ್ಲಿ ರೋಗಿಗಳನ್ನು ನೋಡುವ ಡಾಕ್ಟರ ಮಾತೂ ತುರ್ತು, ಆಫೀಸಿನ ಫೈಲೂ ತುರ್ತು. ಯಾರನ್ನೂ ಕಾಯಿಸಲು ಮನಸ್ಸು ಬರುವುದಿಲ್ಲ. ಆದರೂ ರೋಗಿಗಳಿಗೆ ಡಾಕ್ಟರ ಮಾತು ತುಂಡುತುಂಡಾಗಿ ಕೇಳಿಸುತ್ತಿದೆ. ನನ್ನ ತಪ್ಪೇನು?" ಎಂದು ಕಸ್ತೂರಿ ಕೇಳಿದಳು.

ಅವಳಿಗೆ ಈ ವಿದ್ಯೆ ಕಲಿಸಿದವರು ದುಂಡಪ್ಪ ಮೇಷ್ಟ್ರು. "ಅಯ್ಯೋ ಮಂಕೇ!" ಎಂದು ನಕ್ಕರು. "ಕೂತುಕೋ, ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ."

ಒಂದು ಹೊಳೆ. ಹೊಳೆಗೆ ಒಂದೇ ದೋಣಿ. ದಡದಲ್ಲಿ ಒಬ್ಬ ಕಾವಲುಗಾರ. ತಡವಾದರೆ ಕೆಡುವಂಥ ಸಾಮಾನಿಗೆ ಕೆಂಪು ಬಟ್ಟೆ ಕಟ್ಟುವುದು ಅವನ ಕೆಲಸ. ಅಂಬಿಗ ಗಂಟು ಬಿಚ್ಚಿ ನೋಡುವವನಲ್ಲ. ಕೆಂಪು ಕಂಡರೆ ಮೊದಲು ಹತ್ತಿಸುತ್ತಿದ್ದ, ಅಷ್ಟೆ.

ಕಾವಲುಗಾರ ಬಲು ಮೆದು ಮನಸ್ಸಿನವನು. ಉಪ್ಪಿನ ವ್ಯಾಪಾರಿ ಬಂದು "ನನಗೂ ಕಟ್ಟಪ್ಪಾ" ಎಂದ, ಕಟ್ಟಿದ. ಮರದ ವ್ಯಾಪಾರಿ ಮುಖ ಸಣ್ಣದು ಮಾಡಿದ, ಅವನಿಗೂ ಕಟ್ಟಿದ. ದಡದ ತುಂಬ ಕೆಂಪೋ ಕೆಂಪು! ಇವನಿಗೆ ಊರೆಲ್ಲ ಒಳ್ಳೆಯವನೆಂಬ ಹೆಸರು.

ಒಂದು ಬೇಸಗೆಯ ಬೆಳಿಗ್ಗೆ ಒಬ್ಬ ಅಜ್ಜಿ ಮೇಕೆ ಹಾಲಿನ ಗಿಂಡಿ ಹಿಡಿದು ಬಂದಳು. ಆಚೆ ದಡದಲ್ಲಿ ಅವಳ ಮಗಳು ಹೆತ್ತಿದ್ದಳು. ಬಾಣಂತಿಗೆ ಎದೆಹಾಲು ಇಳಿದಿರಲಿಲ್ಲ, ಕೂಸು ಹಸಿದಿತ್ತು. ಕಾವಲುಗಾರ ಗಿಂಡಿಗೂ ಕೆಂಪು ಕಟ್ಟಿದ. ಅಂಬಿಗ ನೋಡಿದರೆ ಎಲ್ಲವೂ ಕೆಂಪು. ಅವನಾದರೂ ಏನು ಮಾಡಿಯಾನು? ಬಂದ ಸರದಿಯಲ್ಲೇ ಹತ್ತಿಸಿದ. ಮರ ಹೋಯಿತು, ಅರ್ಧ ಉಪ್ಪು ಹೋಯಿತು. ಅಷ್ಟರಲ್ಲಿ ಬಿಸಿಲಿಗೆ ಹಾಲು ಒಡೆಯಿತು.

ಅಜ್ಜಿ ಬೈಯಲಿಲ್ಲ. "ನೀನು ಕಟ್ಟಿಯೇ ಕೊಟ್ಟೆಯಲ್ಲ ಮಗನೇ" ಎಂದು ಗಿಂಡಿ ತೊಳೆದುಕೊಂಡು, ಮತ್ತೆ ಹಾಲು ಕರೆದು ತರಲು ಮನೆಗೆ ನಡೆದಳು. ಬೈದಿದ್ದರೆ ಕಾವಲುಗಾರ ತಡೆದುಕೊಳ್ಳುತ್ತಿದ್ದನೇನೋ ಪಾಪ.

ಅವಳು ಮರಳಿ ಬಂದಾಗ ಅವನು ಉಳಿದ ಉಪ್ಪಿನ ಮೂಟೆಗಳಿಂದ ಕೆಂಪು ಬಟ್ಟೆ ಬಿಚ್ಚುತ್ತಿದ್ದ. ವ್ಯಾಪಾರಿ ರೇಗಿದ: "ನನ್ನ ಸಾಮಾನೇನು ಕಡಿಮೆಯದೇ?"

"ಕಡಿಮೆಯದಲ್ಲ ಅಣ್ಣಾ. ನಿಮ್ಮ ಉಪ್ಪು ನಾಳೆಯೂ ಉಪ್ಪೇ. ಈ ಹಾಲು ಸಂಜೆಗೆ ಹಾಲಲ್ಲ."

ವ್ಯಾಪಾರಿ ಗೊಣಗಿಕೊಂಡು ಪಕ್ಕಕ್ಕೆ ಸರಿದ. ಗಿಂಡಿ ಮೊದಲು ದೋಣಿ ಹತ್ತಿತು.

ಮೇಷ್ಟ್ರು ಕತೆ ನಿಲ್ಲಿಸಿದರು. ಕಸ್ತೂರಿ ಮೆಲ್ಲಗೆ, "ಆದರೆ ಮೇಷ್ಟ್ರೇ, ಕೇಳಿದವರಿಗೆ ಇಲ್ಲ ಎನ್ನುವುದು ನನ್ನಿಂದ ಆಗುವುದಿಲ್ಲ" ಎಂದಳು.

ಮೇಷ್ಟ್ರ ದನಿ ಮೆತ್ತಗಾಯಿತು. "ನಿನಗೆ ಇಲ್ಲ ಎನ್ನಲು ಬಾರದೆಂದು ಆ ಕೂಸು ಯಾಕಮ್ಮಾ ಹಸಿದಿರಬೇಕು?"

ಆಫೀಸಿನ ಫೈಲುಗಳ ತುರ್ತು ಗುರುತು ತೆಗೆಯಲು ಕಸ್ತೂರಿ ಎದ್ದು ಆಸ್ಪತ್ರೆಗೆ ನಡೆದಳು.