ಸೌತೆಕಾಯಿ ಬುಟ್ಟಿಯ ಗಡಿಯಾರ

"ಗುರುಗಳೇ, ಉಳುಕು ತೆಗೆಯುವ ವಿದ್ಯೆ ಈ ಸೀಮೆಯಲ್ಲಿ ನನ್ನೊಬ್ಬನಿಗೇ ಗೊತ್ತು. ಬೆಳಗಾದರೆ ಜಗಲಿ ತುಂಬ ಜನ. ನಾಲ್ವರಿಗೆ ಕಲಿಸು ಎನ್ನುತ್ತೀರಿ. ಕಲಿಸಿದರೆ ನಾಳೆ ನನ್ನ ಬಾಗಿಲಿಗೆ ಯಾರು ಬರುತ್ತಾರೆ?" ಎಂದು ಶಿಷ್ಯ ಕೇಳಿದ.

"ನಿನ್ನ ಬಾಗಿಲ ಮಾತು ಆಮೇಲೆ. ಮೊದಲು ಈ ಕತೆ ಕೇಳು" ಎಂದು ಗುರುಗಳು ನಕ್ಕು ಹೇಳತೊಡಗಿದರು.

ಒಂದು ದೊಡ್ಡ ರೈಲು ನಿಲ್ದಾಣವಿತ್ತು. ಎರಡು ದಿಕ್ಕಿನ ಹಳಿಗಳು ನಿಲ್ದಾಣಕ್ಕೆ ಒಂದು ಮೈಲಿ ಮುಂಚೆ ಕೂಡಿ ಒಂದೇ ಹಳಿಯಾಗುತ್ತಿದ್ದವು. ಒಂದು ಗಾಡಿ ಒಳಗೆ ಹೋಗುವವರೆಗೆ ಇನ್ನೊಂದು ಹೊರಗೇ ನಿಲ್ಲಬೇಕು. ಅಲ್ಲೊಬ್ಬ ಹೆಂಗಸು ಸೌತೆಕಾಯಿ ಸೀಳಿ, ಉಪ್ಪುಖಾರ ಹಚ್ಚಿ, ಕಿಟಕಿಯಿಂದ ಕಿಟಕಿಗೆ ಮಾರುತ್ತಿದ್ದಳು. ಗಾಡಿ ನಿಂತರೆ ಅವಳ ಮನೆಯ ಒಲೆ ಉರಿಯುತ್ತಿತ್ತು. ಪ್ರಯಾಣಿಕರು ಹಿಡಿಶಾಪ ಹಾಕುವ ಹೊತ್ತೇ ಅವಳಿಗೆ ಸುಗ್ಗಿ.

ಒಂದು ದಿನ ಒಬ್ಬ ತಾಯಿ ಜ್ವರದ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಬಳಿ ಕೂತಿದ್ದಳು. "ಆಸ್ಪತ್ರೆ ಸ್ಟೇಷನ್ ಎದುರಿಗೇ ಇದೆಯಂತೆ. ಇನ್ನೆಷ್ಟು ಹೊತ್ತಮ್ಮ?" ಎಂದಳು. ನಿಲ್ದಾಣದ ಮಾಡು ಅಲ್ಲಿಂದಲೇ ಕಾಣುತ್ತಿತ್ತು. ಹೆಂಗಸು ಮುಂದಿನ ಕಿಟಕಿಗೆ ಸರಿದಳು. ಆ ಗಾಡಿ ಹೊರಡುವಷ್ಟರಲ್ಲಿ ಎರಡು ಬುಟ್ಟಿ ಖಾಲಿಯಾದವು. ಅವತ್ತು ಅವಳಿಗೆ ಮಾತ್ರ ಊಟ ಸೇರಲಿಲ್ಲ.

ಕೆಲವು ದಿನಗಳ ಮೇಲೆ ಒಬ್ಬ ಎಂಜಿನಿಯರ್ ಬಂದ. ಇನ್ನೊಂದು ಹಳಿಯನ್ನು ಈ ಕಡೆ ಹಾಕಿಸಬೇಕೋ, ನಿಲ್ದಾಣದ ಆಚೆ ಕಡೆಯೋ ಎಂದು ತೀರ್ಮಾನಿಸುವವನು ಅವನೇ.

"ಗಾಡಿಗಳು ಇಲ್ಲಿ ಎಷ್ಟು ಹೊತ್ತು ನಿಲ್ತವಮ್ಮ?" ಎಂದು ಅವಳನ್ನು ಕೇಳಿದ.

ನಿಲ್ಲುವುದೇ ಇಲ್ಲ ಎಂದಿದ್ದರೆ ಅವನು ಆಚೆ ಕಡೆ ಹೋಗಿಬಿಡುತ್ತಿದ್ದ. ಆ ಸುಳ್ಳು ಅವಳ ನಾಲಿಗೆಯ ತುದಿಗೇ ಬಂದಿತ್ತು. ಆದರೆ ಆ ತಾಯಿಯ ಮುಖ ನೆನಪಾಯಿತು.

"ನನ್ನ ಹತ್ರ ಗಡಿಯಾರ ಇಲ್ಲ ಸ್ವಾಮಿ, ಬುಟ್ಟಿ ಇದೆ. ಬೆಳಗಿನ ಗಾಡಿ ಒಂದು ಬುಟ್ಟಿ ನಿಲ್ತದೆ, ಮಧ್ಯಾಹ್ನದ್ದು ಎರಡು. ಸಂತೆ ದಿನ ಮೂರು ಬುಟ್ಟಿ ಖಾಲಿಯಾದ್ರೂ ಸಿಗ್ನಲ್ ಸಿಗೋಲ್ಲ."

"ಹೊಸ ಹಳಿ ಬಂದ್ರೆ ಗಾಡಿ ಇಲ್ಲಿ ನಿಲ್ಲೋದೇ ಇಲ್ವಲ್ಲಮ್ಮ."

"ಗೊತ್ತು ಸ್ವಾಮಿ."

ಹಳಿ ಬಂತು. ಮೊದಲ ದಿನ ಎರಡು ಗಾಡಿಗಳು ಜೊತೆಜೊತೆಯಾಗಿ ಒಳಗೆ ಹೋದವು. ಯಾರೂ ಅವಳತ್ತ ನೋಡಲಿಲ್ಲ. ನೋಡಲು ಪುರುಸೊತ್ತೆಲ್ಲಿ? ಅವಳು ತುಂಬಿದ ಬುಟ್ಟಿ ಇಳಿಸಿ, ಹೊಂಗೆಯ ನೆರಳಲ್ಲಿ ಕೂತು, ತನಗೊಂದು ಸೌತೆಕಾಯಿ ಸೀಳಿಕೊಂಡಳು. ಇಪ್ಪತ್ತು ವರ್ಷದಲ್ಲಿ ಅವಳು ಕೂತು ತಿಂದದ್ದು ಅದೇ ಮೊದಲು. ಬಹಳ ರುಚಿಯಾಗಿತ್ತು. ಮರುದಿನದಿಂದ ನಿಲ್ದಾಣದ ಬಾಗಿಲಲ್ಲಿ ಮಾರತೊಡಗಿದಳು. ಅಲ್ಲಿ ವ್ಯಾಪಾರ ಅಷ್ಟಕ್ಕಷ್ಟೆ. ನಿದ್ದೆ ಮಾತ್ರ ಚೆನ್ನಾಗಿ ಬರುತ್ತಿತ್ತು.

ಕತೆ ಮುಗಿಯಿತು.

"ಹಾಗಾದರೆ ಅವಳಿಗೆ ನಷ್ಟವಾಯಿತಲ್ಲ ಗುರುಗಳೇ?" ಎಂದ ಶಿಷ್ಯ.

"ಆಯಿತು. ಈಗ ನೀನು ಹೇಳು, ನಿನ್ನ ಜಗಲಿಯಲ್ಲಿ ಜನ ಕಾಯುವುದು ಎಷ್ಟು ಬುಟ್ಟಿ?"